ನಾನು ಮುಚ್ಚಿದ ಪೊಟರೆಗಳು

ಮರದ ಹೊಟ್ಟೆಯಲ್ಲಿ ಸಿಮೆಂಟ್ ಇರುತ್ತದೆಂದು ಕೊಯ್ಯುವ ಮಿಷನ್ ಹಿಡಿದ ಯಾವನೂ ಎಣಿಸುವುದಿಲ್ಲ. ನಾನು ಎಣಿಸಬೇಕಿತ್ತು. ಅದನ್ನು ತುಂಬಿದವನು ನಾನೇ.

ಮೊದಲ ಮಳೆ ಬಿದ್ದು ವಾರವಾಗಿತ್ತು. ಕೆ.ಆರ್. ಪುರ ದಾಟಿದ ಮೇಲೆ ಸಿಗುವ ಹಳೆಯ ಊರೊಂದರ ಗುಂಡುತೋಪಿನಲ್ಲಿ ಏಳು ಮರ ಉರುಳಿಸುವ ಕೆಲಸ. ಗುಂಡುತೋಪು ಅಂದರೆ ಊರಿಗೆಲ್ಲ ಸೇರಿದ ಮರಗಳ ಜಾಗ. ಯಾರೊಬ್ಬರ ಹೆಸರಿಗೂ ಪತ್ರ ಇಲ್ಲದ್ದರಿಂದ, ಊರಿನವರು ಹೊಲಗಳನ್ನೆಲ್ಲ ಕೊಟ್ಟು ಬಾಡಿಗೆ ಮನೆ ಎಬ್ಬಿಸಿಕೊಂಡ ಮೇಲೂ ಇದೊಂದು ಉಳಿದಿತ್ತು. ಈಗ ಹಿಂದುಗಡೆಯ ಹೊಸ ಬಡಾವಣೆಗೆ ಅಗಲವಾದ ರಸ್ತೆ ಬೇಕಾಗಿ ಇದರ ಸರದಿಯೂ ಬಂದಿತ್ತು. ಮೂರು ನೇರಳೆ, ಎರಡು ಮಾವು, ಒಂದು ಹಿಪ್ಪೆ, ಕೊನೆಯಲ್ಲಿ ಒಂದು ಹುಣಸೆ. ಎಲ್ಲವೂ ನನ್ನ ಅಜ್ಜನಿಗಿಂತ ಹಳೆಯವು.

ನಮ್ಮದು ಶಿವಾಜಿನಗರದ ತಂಡ. ತಂಡ ಅಂದರೆ ಇಬ್ಬರೇ. ನೆಲದ ಮೇಲೆ ಮಿಷನ್ ಹಿಡಿಯುವವನು ನಾನು, ಹಗ್ಗ ಕಟ್ಟಿಕೊಂಡು ಮರ ಹತ್ತುವವನು ಹಲಸೂರಿನ ಒಬ್ಬ ತಮಿಳಿನವನು. ಹದಿನೇಳು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೇವೆ. ಮೇಲಿಂದ ಅವನು ಒಮ್ಮೆ ಕೆಮ್ಮಿದರೂ ಏನು ಬೇಕು ಎಂದು ನನಗೆ ತಿಳಿಯುತ್ತಿತ್ತು. ಕೊಂಬೆ ಎಳೆದು ಹಾಕಲು ಮಾತ್ರ ದಿನಗೂಲಿಯವರನ್ನು ಕರೆಯುತ್ತಿದ್ದೆವು.

ಅಂದು ಬೆಳಿಗ್ಗೆ ತೋಪಿನಲ್ಲಿ ನಮಗಿಂತ ಮೊದಲೇ ಒಬ್ಬ ಹೆಂಗಸು ಬಂದು ನಿಂತಿದ್ದರು. ಕಾಲಿಗೆ ಗಂಬೂಟು, ಕೈಯಲ್ಲಿ ಮುಚ್ಚಳವಿದ್ದ ಬಕೆಟ್ಟುಗಳು. ಪ್ರತಿ ಮರ ಕಡಿಯುವ ಮುಂಚೆ ಅದರಲ್ಲಿರುವ ಕಪ್ಪೆಗಳನ್ನು ತೆಗೆದುಕೊಳ್ಳಲು ಅರಣ್ಯ ಇಲಾಖೆಯಿಂದ ಅನುಮತಿ ಪತ್ರ ತಂದಿದ್ದರು. ಕಂಟ್ರಾಕ್ಟರ್ ಆ ಊರಿನವನೇ, ದೊಡ್ಡ ಮನೆತನದ ಹುಡುಗ, ಕರಿ ಕನ್ನಡಕದವನು. ಪತ್ರ ಓದಿ ನನ್ನ ಕಡೆ ತಿರುಗಿ ನಕ್ಕ.

"ನೋಡು ಭಾಯ್, ಕಪ್ಪೆ ಮೇಡಂ ಬಂದವ್ರೆ. ಅವ್ರು ಹಿಡ್ಕೊಂಡ್ಮೇಲೆ ನೀನು ಕೊಯ್ಯಿ."

ಆ ಕ್ಷಣದಿಂದ ಅವರು ಕಪ್ಪೆ ಮೇಡಂ ಆದರು. ಅವರಿಗೆ ಬೇಸರವೇನೂ ಆಗಲಿಲ್ಲ. ಚಹಾ ಕುಡಿಯುತ್ತ ನನಗೂ ಹತ್ತುವವನಿಗೂ ವಿಷಯ ಹೇಳಿದರು. ಅದು ಕಾಡಿನ ಕಪ್ಪೆಯಂತೆ. ಕೆರೆಗೆ ಹೋಗುವುದಿಲ್ಲ, ಕುಂಟೆಗೆ ಹೋಗುವುದಿಲ್ಲ. ಹಳೆಯ ಮರದ ಪೊಟರೆಯಲ್ಲಿ ಮಳೆನೀರು ನಿಂತರೆ ಅಲ್ಲೇ ಮೊಟ್ಟೆ, ಅಲ್ಲೇ ಮರಿ, ಅಲ್ಲೇ ಸಂಸಾರ. ಹೆಬ್ಬೆರಳಿನಷ್ಟು ದಪ್ಪ, ಕಪ್ಪು ಮೈ ಮೇಲೆ ಇಟ್ಟಿಗೆ ಬಣ್ಣದ ಮಚ್ಚೆ. ಈ ಕಡೆ ಕಾಡು ಹೋಗಿ ತೋಪುಗಳಲ್ಲಿ ಉಳಿದುಕೊಂಡಿತ್ತು, ತೋಪುಗಳೂ ಒಂದೊಂದಾಗಿ ಹೋದವು. ಸುತ್ತಮುತ್ತ ಅವರು ಹುಡುಕದ ಜಾಗವಿಲ್ಲ. ಈ ತೋಪಿನಲ್ಲಿ ಮಾತ್ರ, ಹಿಂದಿನ ವಾರ ಮುಸ್ಸಂಜೆಯಲ್ಲಿ ಒಂದು ಕೂಗು ಕೇಳಿಸಿತ್ತಂತೆ. ಯಾವ ಮರದಿಂದ ಎಂದು ಗೊತ್ತಾಗಿರಲಿಲ್ಲ.

ಮೊದಲ ನೇರಳೆಯನ್ನು ಅವರು ಸುತ್ತಲೂ ಟಾರ್ಚ್ ಹಾಕಿ ನೋಡಿದರು. "ಇದ್ರಲ್ಲಿ ಪೊಟರೆ ಇಲ್ಲ. ಕಡೀರಿ" ಅಂದರು.

ತೊಗಟೆ ಬೆಳೆದು ಮುಚ್ಚಿಕೊಂಡಿತ್ತು. ಅವರಿಗೂ ಕಾಣಲಿಲ್ಲ, ನನಗೂ ನೆನಪಾಗಲಿಲ್ಲ.

ಹತ್ತುವವನು ಮೇಲಿನ ಕೊಂಬೆಗಳನ್ನೆಲ್ಲ ಇಳಿಸಿ, ಬೀಳಬೇಕಾದ ಕಡೆಗೆ ಎಳೆಯಲು ಹಗ್ಗ ಹಿಡಿದು ನಿಂತ. ನಾನು ಮೊಣಕಾಲಿನ ಎತ್ತರಕ್ಕೆ ಮುಂಭಾಗದಲ್ಲಿ ಬಾಯಿ ತೆಗೆದು, ಹಿಂದಿನಿಂದ ಕೊಯ್ಯತೊಡಗಿದೆ. ಒಂದು ಗೇಣು ಒಳಗೆ ಹೋದ ಮೇಲೆ ಕಿಡಿ ಹಾರಿತು. ಮರದಿಂದ ಕಿಡಿ ಬರುವುದನ್ನು ನಾನು ಎಂದೂ ಕಂಡವನಲ್ಲ. ಮಿಷನ್ ಎದೆಗೆ ಒದೆಯಿತು, ಚೈನು ತುಂಡಾಯಿತು, ಎಲ್ಲವೂ ಒಂದೇ ಉಸಿರಿನಲ್ಲಿ. ತುಂಡಾದ ಕೊಂಡಿಯೊಂದು ಗುಂಡಿನಂತೆ ಹಾರಿಹೋಗಿ ಹತ್ತುವವನ ತೊಡೆಯೊಳಗೆ ಹೊಕ್ಕಿತು.

"ಭಾಯ್! ಕಾಲು ಪೋಚ್ಚು ಭಾಯ್!"

ನಾನು ಓಡಿ ಹೋಗುವಷ್ಟರಲ್ಲಿ ಪ್ಯಾಂಟು ಪೂರಾ ಕೆಂಪಾಗಿತ್ತು. ಟವಲ್ಲಿನಿಂದ ತೊಡೆಯ ಮೇಲ್ಭಾಗ ಬಿಗಿದು, ಕೊಡಲಿ ಕಾವು ಸೇರಿಸಿ ತಿರುಚಿದೆ. ಅವನು ನನ್ನ ಕುತ್ತಿಗೆ ಹಿಡಿದುಕೊಂಡು ತಾಯಿಯನ್ನು ಕರೆಯುತ್ತಿದ್ದ. ಕಂಟ್ರಾಕ್ಟರನ ಜೀಪು ಹತ್ತು ಹೆಜ್ಜೆ ದೂರದಲ್ಲಿತ್ತು.

"ಜೀಪಲ್ಲಿ ರಕ್ತ ಆಗುತ್ತೆ ಗುರು, ಆಟೋ ಕರೀರಿ" ಅಂದ ಕಂಟ್ರಾಕ್ಟರ್.

ಕಪ್ಪೆ ಮೇಡಂ ತಮ್ಮ ಕಾರಿನ ಹಿಂದಿನ ಸೀಟಿನಿಂದ ಉಳಿದ ಬಕೆಟ್ಟುಗಳನ್ನು ಎತ್ತಿ ನೆಲಕ್ಕೆ ಎಸೆದರು. ಕೂಲಿಯವನೊಬ್ಬ ಗಾಯ ಒತ್ತಿ ಹಿಡಿದು ಕೂತ, ಕಾರು ಹೋಯಿತು. ನಾನು ಹೋಗುವಂತಿರಲಿಲ್ಲ. ಅರ್ಧ ಕೊಯ್ದ ಮರವನ್ನು ಬಿಟ್ಟು ಹೋದರೆ ಅದು ಯಾವಾಗ ಯಾರ ಮೇಲೆ ಬೀಳುತ್ತದೆಂದು ಹೇಳಲಾಗದು.

ಕೊಡಲಿಯಿಂದ ಕಡಿದೆ. ಸಿಟ್ಟು ಯಾರ ಮೇಲೋ ಗೊತ್ತಿಲ್ಲ, ಅಂತೂ ಕಡಿದೆ. ಮರ ಉದ್ದಕ್ಕೆ ಸೀಳಿಕೊಂಡು ಬಿತ್ತು. ಸೀಳಿದ ಕಡೆ ನೋಡಿದರೆ ಒಳಗೆ ಒಂದು ಆಳೆತ್ತರದ ಪೊಟರೆ, ಅದರ ಬಾಯಿಗೆ ದೊಡ್ಡ ಹಲ್ಲಿನಂತೆ ಕೂತ ಸಿಮೆಂಟಿನ ಗಡ್ಡೆ. ಗಡ್ಡೆಯ ಮುಖದ ಮೇಲೆ ಕರಣೆಯ ತುದಿಯಿಂದ ಎಳೆದ ಒಂದು ಅಡ್ಡಗೀರು, ಕೆಳಗೆ ಹೆಬ್ಬೆರಳಿನ ಗುಳಿ. ನನ್ನ ಹೆಬ್ಬೆರಳು ಅದರೊಳಗೆ ಸರಿಯಾಗಿ ಕೂತಿತು.

ಆಗ ಎಲ್ಲ ನೆನಪಾಯಿತು. ಬಹಳ ಹಿಂದೆ, ಹತ್ತುವವನು ನನಗೆ ಜೊತೆಯಾಗುವ ಮೊದಲು, ಮರ ಉಳಿಸುವವರ ಒಂದು ಗುಂಪು ನನಗೆ ಕೆಲಸ ಕೊಟ್ಟಿತ್ತು. ಪೊಟರೆ ಬಿಟ್ಟರೆ ಕೊಳೆ ಹರಡುತ್ತದೆ, ಪುಂಡರು ಬೆಂಕಿ ಇಡುತ್ತಾರೆ, ಆದ್ದರಿಂದ ಮುಚ್ಚಬೇಕು ಎಂದು ಅವರ ಲೆಕ್ಕ. ಕುಕ್ ಟೌನ್‌ನ ಸಾಲುಮರಗಳಿಂದ ಶುರುವಾಗಿ ಈ ತೋಪಿನ ತನಕ ಬಂದಿದ್ದೆ. ನನ್ನ ಕೆಲಸಕ್ಕೆ ಒಳ್ಳೆಯ ಹೆಸರಿತ್ತು. ಕೊಳೆತದ್ದನ್ನು ಕೆರೆದು, ಡಾಂಬರು ಬಳಿದು, ತಂತಿ ಬಲೆ ಹೊಡೆದು, ಗಾರೆ ತುಂಬಿ, ತೊಗಟೆಯ ಮಟ್ಟಕ್ಕೆ ನಯವಾಗಿ ಎಳೆಯುತ್ತಿದ್ದೆ. ಒಂದು ಇರುವೆ ಹೋಗುವಷ್ಟೂ ಸಂದಿ ಇರುತ್ತಿರಲಿಲ್ಲ. ಮುಗಿದ ಮೇಲೆ ಗುರುತು ಹಾಕುತ್ತಿದ್ದೆ. ಆಗ ಈ ಊರಿನ ಒಬ್ಬ ಅಜ್ಜಿ, "ಮರದ ಬಾಯಿ ಮುಚ್ಬೇಡ್ವೋ, ಅದು ಕೂಗೋ ಮರ" ಎಂದು ನನ್ನ ಹಸಿ ಗಾರೆಯ ಮೇಲೆ ಮಣ್ಣಿನ ಹೆಂಟೆ ಎಸೆದಿದ್ದಳು. ನಾನು ನಕ್ಕು, ಹೆಂಟೆ ಕಿತ್ತು, ಮತ್ತೆ ನಯ ಮಾಡಿದ್ದೆ.

ಗಡ್ಡೆಯ ಹಿಂದೆ ಪೊಟರೆ ಒಣಗಿತ್ತು. ಮೇಲಿನ ಮೂಲೆಯಲ್ಲಿ, ಅಂದು ನನ್ನ ಕೈ ಎಟುಕದ ಕಡೆ, ಮರಕ್ಕೆ ಅಂಟಿಕೊಂಡ ಚಿಕ್ಕ ಚಿಕ್ಕ ತೊಗಲುಗಳು. ಬೆರಳು ತಾಗಿಸಿದರೆ ಪುಡಿಯಾಗುತ್ತಿದ್ದವು. ನಾನು ಮುಚ್ಚಿದಾಗ ಕಪ್ಪೆಗಳು ಒಳಗಿದ್ದವು.

ಮೇಡಂ ಮಧ್ಯಾಹ್ನ ವಾಪಸು ಬಂದರು, ತೋಳಿನ ತುಂಬ ರಕ್ತ ಒಣಗಿತ್ತು. ಹತ್ತುವವನ ಜೀವಕ್ಕೆ ಅಪಾಯವಿಲ್ಲ ಅಂದರು. ಕಾಲಿನ ವಿಷಯ ವೈದ್ಯರು ಏನೂ ಹೇಳಿಲ್ಲ ಅಂದರು. ಆಮೇಲೆ ಪೊಟರೆಯ ಮುಂದೆ ಮಂಡಿಯೂರಿ ಚಿಮಟದಿಂದ ತೊಗಲುಗಳನ್ನು ಒಂದೊಂದಾಗಿ ಬಿಡಿಸಿ ಬಿಳಿ ಕಾಗದದ ಮೇಲಿಟ್ಟರು. ಒಂಬತ್ತು.

"ಜೀವಂತ ಇರ್ಬೇಕಾದ್ರೆ ಗೋಡೆ ಕಟ್ಟಿದ್ದಾರೆ. ಯಾವನ್ರೀ ಈ ಕೆಲಸ ಮಾಡಿದ್ದು? ಸಿಕ್ಕಿದ್ರೆ ಕೈ ಮುರೀತಿದ್ದೆ."

"ಸಿಗ್ತಾನೆ ಬಿಡಿ ಮೇಡಂ" ಅಂದೆ. ಹೇಡಿ ನಾನು, ಅಷ್ಟೇ ಅಂದೆ.

ಮುಂದಿನ ನಾಲ್ಕು ದಿನ ನಡೆದದ್ದು ಕಸಾಯಿಖಾನೆ ಕೆಲಸ. ಹತ್ತುವವನಿಲ್ಲದ್ದರಿಂದ ಕೊಂಬೆ ಇಳಿಸದೆ ಮರಗಳನ್ನು ಹಾಗೇ ಉರುಳಿಸಿದೆ. ಹೊಸ ಚೈನು ಹಾಕಿದ ಮಿಷನ್ ಹಚ್ಚುವ ಮೊದಲು ಕೊಡಲಿಯ ಹಿಂಬದಿಯಿಂದ ಕಾಂಡ ತಟ್ಟುತ್ತ ಹೋಗುತ್ತಿದ್ದೆ. ಸಿಮೆಂಟ್ ಇದ್ದ ಕಡೆ ಸದ್ದು ಮಂಕಾಗುತ್ತದೆ. ಅಲ್ಲಿ ತೊಗಟೆ ಸೀಳಿ, ಉಳಿ ಸುತ್ತಿಗೆಯಿಂದ ಗಡ್ಡೆ ಒಡೆದು ತೆಗೆಯುತ್ತಿದ್ದೆ. ಚೈನು ಉಳಿಸಲು ಎಂದು ಕಂಟ್ರಾಕ್ಟರನಿಗೆ ಹೇಳಿದೆ. ಮೇಡಂ ಪಕ್ಕದಲ್ಲಿ ಚಿಮಟ ಹಿಡಿದು ಕಾಯುತ್ತಿದ್ದರು. ಎರಡನೆಯ ನೇರಳೆಯಲ್ಲಿ ನಾಲ್ಕು. ಮೂರನೆಯದರಲ್ಲಿ ಬರೀ ಮೂಳೆಯ ಪುಡಿ. ಮಾವುಗಳಲ್ಲಿ ಒಂದರಲ್ಲಿ ಆರು, ಇನ್ನೊಂದರಲ್ಲಿ ಎರಡು. ಹಿಪ್ಪೆಯಲ್ಲಿ ಹನ್ನೊಂದು, ಒಂದರ ಮೇಲೊಂದು, ಸಿಮೆಂಟಿನ ಒಳಮುಖಕ್ಕೆ ಅಂಟಿಕೊಂಡು. ಬಾಯಿ ಇದ್ದ ಕಡೆಗೆ ಬಂದು ಕೂತಿದ್ದವು, ಹೊರಗೆ ಹೋಗಲು.

ಒಂದೊಂದು ಗಡ್ಡೆಯ ಮೇಲೂ ಅದೇ ಗೀರು, ಅದೇ ಗುಳಿ. ಮೇಡಂ ನೋಡುವ ಮೊದಲೇ ಸುತ್ತಿಗೆಯಿಂದ ಮುಖ ಒಡೆದು ಹಾಕುತ್ತಿದ್ದೆ.

ಐದನೆಯ ದಿನ ಸಂಜೆ ಉಳಿದದ್ದು ಹುಣಸೆ ಒಂದೇ. ಇಬ್ಬರು ಕೈ ಚಾಚಿ ತಬ್ಬುವಷ್ಟು ಕಾಂಡ, ಎದೆ ಎತ್ತರದಲ್ಲಿ ಪೊಟರೆಯ ಬಾಯಿ. ಇಲ್ಲಿ ತೊಗಟೆ ಗಡ್ಡೆಯನ್ನು ಮುಚ್ಚಿರಲಿಲ್ಲ. ಸಿಮೆಂಟ್ ಮರದಿಂದ ಬಿಟ್ಟುಕೊಂಡು, ಮೇಲ್ಭಾಗದಲ್ಲಿ ಎರಡು ಬೆರಳು ಹೋಗುವಷ್ಟು ಸಂದಿ ಬಿದ್ದಿತ್ತು. ನಾನು ಉಳಿ ಇಡಬೇಕು ಅನ್ನುವಷ್ಟರಲ್ಲಿ ಒಳಗಿಂದ ಒಂದು ಸದ್ದು ಬಂತು. ಖಾಲಿ ಬಾಟಲಿಯ ಬಾಯಿಗೆ ಯಾರೋ ಊದಿದ ಹಾಗೆ, ಮೆಲ್ಲಗೆ, ಮೂರು ಸಲ.

ಮೇಡಂ ನನ್ನ ಮುಂಗೈ ಹಿಡಿದರು. ಉಗುರು ಚರ್ಮದೊಳಗೆ ಇಳಿಯಿತು. ಆಮೇಲೆ ಸಂದಿಯೊಳಗೆ ಸಣ್ಣ ಟಾರ್ಚ್ ಹಾಕಿ ನನಗೂ ತೋರಿಸಿದರು. ಡಿಕಾಕ್ಷನ್ ಬಣ್ಣದ ನೀರು, ಅದರ ತುಂಬ ಮಿಸುಕುವ ಗೊದಮೊಟ್ಟೆಗಳು. ಅಂಚಿನಲ್ಲಿ ಇಟ್ಟಿಗೆ ಮಚ್ಚೆಯ ಒಂದು ಕಪ್ಪೆ ನಮ್ಮನ್ನೇ ನೋಡುತ್ತ ಕೂತಿತ್ತು.

ಈ ಹುಣಸೆ ನನಗೆ ಈಗ ಚೆನ್ನಾಗಿ ನೆನಪಾಯಿತು. ಆ ಕೆಲಸದ ಕೊನೆಯ ದಿನ ಅದು. ರಂಜಾನ್ ತಿಂಗಳು, ಇಫ್ತಾರಿಗೆ ಮನೆ ಸೇರಬೇಕಿತ್ತು, ಸಾಲದ್ದಕ್ಕೆ ತುಂತುರು ಶುರುವಾಗಿತ್ತು. ಡಾಂಬರು ಬಳಿಯಲಿಲ್ಲ, ಬಲೆ ಹೊಡೆಯಲಿಲ್ಲ. ಮರಳು ಹೆಚ್ಚು ಸಿಮೆಂಟ್ ಕಡಿಮೆ ಕಲಸಿ, ಬಾಯಿಗಷ್ಟು ಮೆತ್ತಿ ಓಡಿದ್ದೆ. ಗುರುತು ಹಾಕಲೂ ನಾಚಿಕೆಯಾಗಿ ಹಾಕಿರಲಿಲ್ಲ. ಇಡೀ ತೋಪಿನಲ್ಲಿ ನಾನು ಮಾಡಿದ ಒಂದೇ ಒಂದು ಕಳ್ಳಕೆಲಸ ಇದು. ಮೆತ್ತಿದ್ದು ಕುಗ್ಗಿ ಸಂದಿ ಬಿಟ್ಟಿತ್ತು, ಮಳೆನೀರು ಒಳಗೆ ಇಳಿದಿತ್ತು, ಗಡ್ಡೆ ಅಣೆಕಟ್ಟಿನ ಹಾಗೆ ಅದನ್ನು ಹಿಡಿದಿಟ್ಟಿತ್ತು.

"ಮೇಡಂ, ಆ ಕೈ ಮುರೀಬೇಕು ಅಂದ್ರಲ್ಲ. ಇದೇ ಕೈ" ಅಂದು ಮುಂದೆ ಚಾಚಿದೆ.

ಅವರು ಕೈಯನ್ನು ನೋಡಿದರು, ನನ್ನ ಮುಖ ನೋಡಿದರು. ಕೆನ್ನೆಗೆ ಬೀಳುತ್ತದೆ ಅಂದುಕೊಂಡೆ, ಬೀಳಲಿ ಅಂತಲೂ ಅಂದುಕೊಂಡೆ.

"ಎಲ್ಲಾನೂ ನೀವೇನಾ?"

"ಎಲ್ಲಾನೂ. ಇದೊಂದನ್ನ ಮಾತ್ರ ಕೆಟ್ಟದಾಗಿ ಮಾಡಿದ್ದೆ."

ಅವರು ಟಾರ್ಚ್ ಆರಿಸಿದರು. ಆಮೇಲೆ, "ಹಾಗಾದ್ರೆ ಇದನ್ನ ಇಳಿಸೋದೂ ನಿಮ್ಮ ಕೆಲಸ" ಅಂದರು. ಹಿಂದೊಮ್ಮೆ ಬೇರೆ ತೋಪಿನಲ್ಲಿ ಅವರು ಗೊದಮೊಟ್ಟೆಗಳನ್ನು ಮೊಗೆದು ತೊಟ್ಟಿಗೆ ಹಾಕಿದ್ದರಂತೆ. ಮಾರನೆಯ ಬೆಳಿಗ್ಗೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆ ಮರದ ಆ ನೀರೇ ಬೇಕು, ಆ ಕತ್ತಲೆಯೇ ಬೇಕು. ಪೊಟರೆ ಇರುವ ಕಾಂಡದ ತುಂಡನ್ನು ನಿಂತ ಹಾಗೆಯೇ, ನೀರು ತುಳುಕದ ಹಾಗೆ ಕೊಯ್ದು, ಎತ್ತಿ, ಕಾಕ್ಸ್ ಟೌನ್‌ನ ಅವರ ಹಳೇ ಮನೆಯ ಕಾಂಪೌಂಡಿಗೆ ಸಾಗಿಸಬೇಕು.

ಕಂಟ್ರಾಕ್ಟರ್ ಜೀಪಿನಿಂದ ಇಳಿಯಲೂ ಇಲ್ಲ. "ನಾಳೆ ಮಧ್ಯಾಹ್ನ ಹನ್ನೆರಡರ ತನಕ ಟೈಮ್ ಕೊಡ್ತೀನಿ. ಆಮೇಲೆ ಜೆಸಿಬಿ" ಅಂದ.

ಅಂದು ಸಂಜೆಯೇ ಹಲಸೂರಿಗೆ ಹೋದೆ. ಹತ್ತುವವನು ಮನೆಗೆ ಬಂದಿದ್ದ. ತೊಡೆಗೆ ಪಟ್ಟಿ, ಕಾಲು ದಿಂಬಿನ ಮೇಲೆ. ಇನ್ನು ಮರ ಹತ್ತಲಾಗದು ಎಂದು ವೈದ್ಯರು ಹೇಳಿ ಕಳಿಸಿದ್ದರು. ಅವನ ಹೆಂಡತಿ ಕೊಟ್ಟ ಕಾಫಿ ಕೆಳಗಿಟ್ಟು ಸಿಮೆಂಟಿನ ವಿಷಯ, ನಾಳೆ ಹುಣಸೆ ಇಳಿಸುವ ವಿಷಯ ಎಲ್ಲ ಹೇಳಿದೆ.

"ನಿನಕ್ಕೆ ಗೊತ್ತಿತ್ತಾ ಭಾಯ್?"

"ಮರೆತಿದ್ದೆ."

"ನನ್ನ ಕಾಲು ನಿನ್ನ ಮಿಷನಿಂದ ಹೋಯ್ತು ಅಂದ್ಕೊಂಡಿದ್ದೆ. ಮಿಷನ್ ಅಂದ್ರೆ ಆಗುತ್ತೆ, ಪರ್ವಾಗಿಲ್ಲ. ಇದು ನಿನ್ನ ಕೈಯಿಂದ ಹೋಗಿದ್ದಾ?" ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಕುಡಿಯದ ಕಾಫಿಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ.

ಮಾರನೆಯ ದಿನ ಬೆಳಕು ಹರಿಯುತ್ತಿದ್ದಂತೆ ಹುಣಸೆ ಹತ್ತಿದೆ. ಹತ್ತಿ ಅಭ್ಯಾಸ ತಪ್ಪಿತ್ತು, ಸೊಂಟದ ಹಗ್ಗವನ್ನು ಎರಡು ಸುತ್ತು ಹೆಚ್ಚಿಗೆ ಬಿಗಿದುಕೊಂಡೆ. ಮೊದಲು ತಲೆಯ ಕೊಂಬೆಗಳನ್ನು ಇಳಿಸಿ ಭಾರ ಕಡಿಮೆ ಮಾಡಬೇಕು. ನಾಲ್ಕು ಕೊಂಬೆ ಇಳಿಸಿದ್ದೆ. ಏಳು ಗಂಟೆಗೆ ಜೆಸಿಬಿ ತೋಪಿನೊಳಗೆ ಬಂತು, ಮುಂದೆ ಕಂಟ್ರಾಕ್ಟರ್.

"ಹನ್ನೆರಡು ಅಂದಿದ್ರಿ!" ಎಂದು ಮೇಡಂ ಓಡಿದರು.

"ರೋಡ್ ರೋಲರ್ ಬೇಗ ಬಂದ್ಬಿಡ್ತು ಮೇಡಂ. ಬಿಡಿ, ಕಪ್ಪೆ ತಾನೆ." ಆಮೇಲೆ ಡ್ರೈವರಿಗೆ ಕೈ ತೋರಿಸಿ, "ತಳ್ಳೋ. ಭಾಯ್ ತಾನಾಗೇ ಇಳೀತಾನೆ" ಅಂದ.

ಮೇಲೆ ಮನುಷ್ಯ ಇದ್ದಾನೆಂದು ಇಬ್ಬರಿಗೂ ಗೊತ್ತಿತ್ತು. ಬಕೆಟ್ ಬಂದು ಕಾಂಡಕ್ಕೆ ಗುದ್ದಿತು. ಮರ ಪೂರಾ ನರಳಿತು, ನನ್ನ ಕಾಲು ಜಾರಿ ಹಗ್ಗದಲ್ಲಿ ತಲೆಕೆಳಗಾಗಿ ನೇತಾಡಿದೆ. ಮಿಷನ್ ಕೈಯಿಂದ ಬಿದ್ದು ಕಲ್ಲಿನ ಮೇಲೆ ಚೂರಾಯಿತು. ತಲೆಕೆಳಗಾಗಿಯೇ ಕಂಡೆ. ಪೊಟರೆಯ ಸಂದಿಯಿಂದ ಕಂದು ನೀರು ಚಿಮ್ಮಿ ತೊಗಟೆಯ ಮೇಲೆ ಇಳಿಯುತ್ತಿತ್ತು, ನೀರಿನ ಜೊತೆ ಗೊದಮೊಟ್ಟೆಗಳು ಜಾರಿ ಮಣ್ಣಿಗೆ ಬಿದ್ದು ಬಡಿದುಕೊಳ್ಳುತ್ತಿದ್ದವು. ಮೇಡಂ ದುಪಟ್ಟಾ ಮುದ್ದೆ ಮಾಡಿ ಸಂದಿಗೆ ಒತ್ತಿ, ಬೆನ್ನು ಜೆಸಿಬಿಗೆ ಕೊಟ್ಟು, ಎರಡೂ ಕೈಯಿಂದ ಕಾಂಡ ತಬ್ಬಿ ನಿಂತರು. ಬಕೆಟ್ ಮತ್ತೆ ಹಿಂದಕ್ಕೆ ಹೋಯಿತು.

ಹೇಗೆ ಇಳಿದೆನೋ ಗೊತ್ತಿಲ್ಲ. ಹಗ್ಗದಲ್ಲಿ ಜಾರಿದೆ, ಅಂಗೈ ಚರ್ಮ ಹಗ್ಗದಲ್ಲೇ ಉಳಿಯಿತು. ಬುಡದಲ್ಲಿದ್ದ ಕೊಡಲಿ ಎತ್ತಿಕೊಂಡು ಓಡಿದೆ. ಡ್ರೈವರ್ ನನ್ನ ಮುಖ ನೋಡಿ ಆ ಕಡೆಯ ಬಾಗಿಲಿನಿಂದ ಹಾರಿಬಿಟ್ಟ. ನನಗೆ ಬೇಕಾಗಿದ್ದು ಅವನಲ್ಲ. ಬಕೆಟ್ಟಿನ ತೋಳಿಗೆ ಹೋಗುವ ದಪ್ಪ ಎಣ್ಣೆ ಪೈಪು. ಮೂರು ಏಟಿಗೆ ತುಂಡಾಯಿತು. ಕಾದ ಎಣ್ಣೆ ಹಾರಿ ನನ್ನ ಭುಜ ಬೆಂದಿತು, ಬಕೆಟ್ ಧೊಪ್ಪೆಂದು ನೆಲಕ್ಕೆ ಕೂತಿತು. ಇನ್ನೊಂದು ಪೈಪಿಗೂ ಹಾಕಿದೆ. ಆ ಹೊತ್ತಿನಲ್ಲಿ ನನಗೆ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆಗ ಬೆನ್ನಿಗೆ ಬಿತ್ತು. ಕಂಟ್ರಾಕ್ಟರ್ ಹಾರೆ ಹಿಡಿದಿದ್ದ. ಮೊದಲ ಏಟಿಗೆ ಉಸಿರು ನಿಂತು ಮಂಡಿಯೂರಿದೆ, ಎರಡನೆಯದು ಪಕ್ಕೆಗೆ ಬಿತ್ತು. ಮೂರನೆಯದಕ್ಕೆ ಎತ್ತಿದ್ದ. ಎಲ್ಲಿಂದಲೋ ಒಂದು ಕಲ್ಲು ಬಂದು ಅವನ ಹಣೆಗೆ ಬಡಿಯಿತು. ಕರಿ ಕನ್ನಡಕ ಎರಡು ತುಂಡಾಗಿ ಬಿತ್ತು, ಹುಬ್ಬಿನಿಂದ ರಕ್ತ ಇಳಿಯಿತು.

ಅಂದು ನನ್ನ ಗಾರೆಗೆ ಹೆಂಟೆ ಎಸೆದಿದ್ದ ಅದೇ ಅಜ್ಜಿ. ಬೆನ್ನು ಪೂರಾ ಬಾಗಿತ್ತು, ಗುರಿ ಮಾತ್ರ ತಪ್ಪಿರಲಿಲ್ಲ. ಹಿಂದೆ ಊರಿನ ಹತ್ತಾರು ಜನ.

"ಅಜ್ಜೀ!" ಎಂದು ಕಿರುಚಿದ ಅವನು. ಅವನು ಆಕೆಯ ಅಣ್ಣನ ಮೊಮ್ಮಗನೆಂದು ನನಗೆ ಆಗಲೇ ಗೊತ್ತಾದದ್ದು.

"ಏನೋ ಅಜ್ಜಿ? ಮ್ಯಾಲೆ ಆಳು ಇರ್ಬೇಕಾದ್ರೆ ಮರ ತಳ್ತೀಯ? ನಿಮ್ಮವ್ವ ನಿಂಗೆ ಉಯ್ಯಾಲೆ ಕಟ್ಟಿದ್ದು ಈ ಕೊಂಬೇಗೇ ಕಣೋ. ಹೊಡೀಬೇಕು ಅಂದ್ರೆ ಬಾ, ನನ್ನ ಹೊಡಿ" ಎಂದು ಇನ್ನೊಂದು ಕಲ್ಲು ಎತ್ತಿಕೊಂಡಳು.

ಊರಿನವರ ಮುಂದೆ ಅವನು ಏನು ಮಾಡಿಯಾನು? ಹಾರೆ ಎಸೆದು, ಕರ್ಚೀಫು ಹಣೆಗೆ ಒತ್ತಿಕೊಂಡು, ಸ್ಟೇಷನ್ನಿಗೆ ಹೋಗುತ್ತೇನೆ ಎಂದು ಹೋದ. ಸತ್ತ ಜೆಸಿಬಿ ತೋಪಿನ ದಾರಿಗೆ ಅಡ್ಡ ಬಿದ್ದಿತ್ತು. ಅದನ್ನು ರಿಪೇರಿ ಮಾಡುವ ತನಕ ರೋಲರ್ ಒಳಗೆ ಬರುವಂತಿರಲಿಲ್ಲ. ಸಂಜೆಯ ತನಕ ಸಮಯ ಸಿಕ್ಕಿತು. ಅಜ್ಜಿ ನನ್ನ ಹತ್ತಿರ ಬಂದು ಮುಖ ದಿಟ್ಟಿಸಿ, "ಗಾರೆ ಮೆತ್ತಿದೋನು ನೀನೇ ಅಲ್ವಾ" ಅಂದಳು. ಹೌದು ಅಂದೆ. ಕೈಯಲ್ಲಿದ್ದ ಕಲ್ಲನ್ನು ಕೆಳಗೆ ಹಾಕಲು ಸ್ವಲ್ಪ ಹೊತ್ತು ತೆಗೆದುಕೊಂಡಳು.

ಅಷ್ಟರಲ್ಲಿ ಒಂದು ಆಟೋ ಬಂತು. ಹತ್ತುವವನು ಊರುಗೋಲು ಮೊದಲು ಇಳಿಸಿ, ಆಮೇಲೆ ತಾನು ಇಳಿದ. ಹೆಗಲಿಗೆ ಹಳೆಯ ಮಿಷನ್, ಕೈಯಲ್ಲಿ ಚೈನ್ ಪುಲ್ಲಿ.

"ಕಪ್ಪೆಗೋಸ್ಕರ ಬಂದಿಲ್ಲ. ಗಂಟು ಹಾಕಕ್ಕೆ ನಿನಕ್ಕೆ ಬರಲ್ಲ, ನನ್ನ ಹಗ್ಗ ಹಾಳು ಮಾಡ್ತೀಯ. ಅದಕ್ಕೆ ಬಂದೆ" ಅಂದ, ನನ್ನ ಮುಖ ನೋಡದೆ.

ಕಲ್ಲಿನ ಮೇಲೆ ಕೂತು ಅವನೇ ಎಲ್ಲ ಹೇಳಿದ. ಉಳಿದ ಕೊಂಬೆಗಳನ್ನೂ ಪೊಟರೆಯ ಮೇಲಿನ ಕಾಂಡವನ್ನೂ ಇಳಿಸಿದೆವು. ಸಂದಿಯನ್ನು ಒದ್ದೆ ಗೋಣಿತಟ್ಟಿನಿಂದ ಬಿಗಿದು ಮುಚ್ಚಿದೆವು. ಪೊಟರೆಯ ತಳ ಎಲ್ಲಿದೆಯೆಂದು ಹೊರಗಿನಿಂದ ಕಾಣುವುದಿಲ್ಲ. ತಪ್ಪಿ ಮೇಲೆ ಕೊಯ್ದರೆ ನೀರೆಲ್ಲ ಹೋಯಿತು. ಅದಕ್ಕೆ ಕೈ ಬೈರಿಗೆಯಿಂದ ಕೆಳಗಿನಿಂದ ಮೇಲಕ್ಕೆ ಒಂದೊಂದು ಗೇಣಿಗೆ ಸಣ್ಣ ತೂತು ಕೊರೆಯುತ್ತ ಬಂದೆ. ಮೊದಲೆರಡರಲ್ಲಿ ಒಣ ಪುಡಿ ಬಂತು. ಮೂರನೆಯದರಲ್ಲಿ ಕಂದು ಹನಿ. ಅದಕ್ಕೆ ಮರದ ಗೂಟ ಬಡಿದು, ಒಂದು ಗೇಣು ಕೆಳಗೆ ಗೀಟು ಎಳೆದೆ. ಮೂರು ಕಂಬ ಸೇರಿಸಿ ಕಟ್ಟಿ ಪುಲ್ಲಿ ಇಳಿಬಿಟ್ಟು, ಕಾಂಡಕ್ಕೆ ಕೊರಳಪಟ್ಟಿ ಹಾಕಿ ಬಿಗಿ ಮಾಡಿದ ಮೇಲೆ ಕೊಯ್ಯಲು ಶುರು ಮಾಡಿದೆ. ಉಸಿರೆಳೆದಾಗಲೆಲ್ಲ ಪಕ್ಕೆಯಲ್ಲಿ ಚೂರಿ ತಿರುವಿದ ಹಾಗಾಗುತ್ತಿತ್ತು. ಎರಡು ಎಲುಬು ಬಿರುಕು ಬಿಟ್ಟಿವೆ ಎಂದು ಆಮೇಲೆ ಆಸ್ಪತ್ರೆಯಲ್ಲಿ ಫೋಟೋ ತೆಗೆದವರು ಹೇಳಿದರು.

ಕಾಂಡ ಬೇರಾದಾಗ ಕಂಬಗಳು ಕಿರ್ ಎಂದವು. "ಮೆಲ್ಲ! ಮೆಲ್ಲ ಭಾಯ್! ಬಾಗಿಸಿದ್ರೆ ನಿನ್ನ ಸಾಯಿಸ್ತೀನಿ!" ಎಂದು ಹತ್ತುವವನು ಊರುಗೋಲು ಬಡಿಯುತ್ತಿದ್ದ. ಬಾಗಲಿಲ್ಲ. ಟೆಂಪೊದಲ್ಲಿ ಮರಳ ಮೂಟೆಗಳ ನಡುವೆ ನಿಂತೇ ಕೂತಿತು. ಮೇಡಂ ಅದನ್ನು ತಬ್ಬಿಕೊಂಡು, ರಾಮಮೂರ್ತಿ ನಗರದ ಪ್ರತಿ ರೋಡ್ ಹಂಪ್‌ಗೂ ಡ್ರೈವರಿಗೆ ಬೈಯುತ್ತ, ಕಾಕ್ಸ್ ಟೌನ್ ತನಕ ನಿಂತೇ ಬಂದರು.

ಆಮೇಲಿನದು ಹೇಳುವಂಥದ್ದೇನಲ್ಲ. ಸ್ಟೇಷನ್ನಿಗೆ ಮೂರು ಸಲ ಹೋದೆ, ಮೇಲೆ ಆಳು ಇದ್ದದ್ದಕ್ಕೆ ಊರೇ ಸಾಕ್ಷಿ ಹೇಳಿದ್ದರಿಂದ ರಾಜಿಯಾಯಿತು. ಕಡಿಯುವ ಕೆಲಸ ಕೊಡುವವರು ನನ್ನನ್ನು ಕರೆಯುವುದು ಬಿಟ್ಟರು. ತೋಪಿದ್ದ ಕಡೆ ಈಗ ರಸ್ತೆ ಇದೆ, ಒಳ್ಳೆಯ ರಸ್ತೆಯೇ. ಅಂಚಿನಲ್ಲಿ ಕೂತಿದ್ದ ದೊಡ್ಡ ಕಪ್ಪೆ ಮತ್ತೆ ಕಾಣಲಿಲ್ಲ. ಹುಣಸೆಯ ತುಂಡಿನಲ್ಲಿ ಅರ್ಧಕ್ಕೂ ಹೆಚ್ಚು ಗೊದಮೊಟ್ಟೆ ಸತ್ತವು. ಉಳಿದವುಗಳಿಗೆ ಕಾಲು ಬಂತು, ಬಾಲ ಹೋಯಿತು, ಹದಿನಾಲ್ಕು ಕಪ್ಪೆಗಳಾದವು. ಅವು ಬೆಳೆದು ಜೋಡಿಯಾದರೆ ಮೊಟ್ಟೆಯಿಡಲು ಒಂದು ಪೊಟರೆ ಸಾಲದು. ಹತ್ತಾದರೂ ಬೇಕು, ಮುಂದಿನ ಮಳೆಗೆ ಮೊದಲು. ಇಲ್ಲದಿದ್ದರೆ ಈ ಹದಿನಾಲ್ಕೇ ಕೊನೆ.

ಮೇಡಂ ನನಗೂ ಹತ್ತುವವನಿಗೂ ಹೇಳಿ ಕಳಿಸಿದರು. ಬಿದ್ದ ಹಳೆಯ ಮರಗಳ ಟೊಳ್ಳು ಕಾಂಡಗಳನ್ನು ಎಲ್ಲೆಲ್ಲಿಂದಲೋ ತರಿಸಿ ಕಾಂಪೌಂಡಿನಲ್ಲಿ ನಿಲ್ಲಿಸಿದ್ದರು.

"ಹೇಗೆ ಮಾಡ್ಲಿ ಮೇಡಂ?"

"ಆವತ್ತು ಹುಣಸೆಗೆ ಮಾಡಿದ್ರಲ್ಲ, ಹಾಗೇ. ಕೆಟ್ಟದಾಗಿ."

ಸುಲಭ ಅಂದುಕೊಂಡಿದ್ದೆ. ಹತ್ತುವವನು ಕೂತಲ್ಲೇ ಗಾರೆ ಕಲಸಿಕೊಟ್ಟ. ನಾನು ಬಾಯಿಗೆ ಮೆತ್ತಿದೆ, ಮೇಲ್ಗಡೆ ಸಂದಿ ಬಿಡಬೇಕೆಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಮೆತ್ತಿದೆ. ಮೂರು ದಿನ ಬಿಟ್ಟು ಮೇಡಂ ನೀರು ಸುರಿದು, ಟಾರ್ಚ್ ಹಾಕಿ ಅಂಚಿನ ಸುತ್ತ ಉಗುರು ಓಡಿಸಿದರು. ಉಗುರಿನ ತುದಿಯೂ ಒಳಗೆ ಹೋಗಲಿಲ್ಲ. ನಲವತ್ತು ವರ್ಷದ ಕೈ, ನಾನು ಬೇಡವೆಂದರೂ ಸಂದಿಯನ್ನು ನಯವಾಗಿ ಮುಚ್ಚಿಬಿಟ್ಟಿತ್ತು. ಮೇಲೆ ಗೀರು, ಕೆಳಗೆ ಹೆಬ್ಬೆರಳಿನ ಗುಳಿ. ಅದನ್ನು ಯಾವಾಗ ಹಾಕಿದೆನೋ ನನಗೇ ಗೊತ್ತಿಲ್ಲ.

"ಚೆನ್ನಾಗಿದೆ. ಒಡೀರಿ" ಅಂದರು ಮೇಡಂ.

ಒಡೆದೆ. ಎರಡನೆಯದನ್ನೂ ಒಡೆದೆ, ಮೂರನೆಯದನ್ನೂ. ನಾಲ್ಕನೆಯದಕ್ಕೆ ಬಂದಾಗ ಹತ್ತುವವನು ಊರುಗೋಲು ಊರಿಕೊಂಡು ಎದ್ದು ಬಂದು, ನನ್ನ ಬಲಗೈಯಿಂದ ಕರಣೆ ಕಿತ್ತು ಎಡಗೈಗೆ ಕೊಟ್ಟ. ಎಡಗೈಯಲ್ಲಿ ಮೆತ್ತಿದೆ. ಸೊಟ್ಟಗೆ ಬಂತು, ಅರ್ಧ ಗಾರೆ ಕಾಲ ಮೇಲೆ ಬಿತ್ತು. ಒಣಗಿದ ಮೇಲೆ ಮೇಡಂಗಿಂತ ಮೊದಲು ಅವನೇ ಬಾಗಿ ಮೇಲ್ಗಡೆ ಬೆರಳು ಹಾಕಿ ನೋಡಿದ. ಎರಡು ಬೆರಳು ಸಲೀಸಾಗಿ ಒಳಗೆ ಹೋದವು.

"ಸಾಕು ಭಾಯ್. ಇದು ಸರಿಯಾಗಿ ಹಾಳಾಗಿದೆ" ಅಂದ. ಹುಣಸೆ ಕೊಯ್ದ ದಿನ ಕಲ್ಲಿನ ಮೇಲೆ ಕೂತು ಕೂಗಿದ ಮೇಲೆ ಅವನು ನನ್ನನ್ನು ಭಾಯ್ ಎಂದು ಕರೆದದ್ದು ಅದೇ ಮೊದಲು. ಇನ್ನೂ ಒಂಬತ್ತು ಕಾಂಡ ಉಳಿದಿದ್ದವು. ಅವನು ಕೂತು ಗಾರೆ ಕಲಸತೊಡಗಿದ.